ಗ್ರಾಹಕರ ದೂರು: ಬಿಲ್ಲು ಕೈಗೆ ಬಂದಲ್ಲಿಂದ ಆಯೋಗದ ಆದೇಶ ಜಾರಿಯಾಗುವವರೆಗೆ

ಕೊಂಡ ವಸ್ತು ಕೆಟ್ಟಿದೆ, ಮಾರಿದವರು ಕೈಚೆಲ್ಲಿದ್ದಾರೆ, ಈಗ ಯಾರಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಒಬ್ಬರದು ಫ್ರಿಜ್, ಇನ್ನೊಬ್ಬರದು ವಿಮೆ, ಮತ್ತೊಬ್ಬರದು ಆನ್‌ಲೈನಿನಲ್ಲಿ ತರಿಸಿದ ಸೀರೆ. ಪದಾರ್ಥ ಬೇರೆಯಾದರೂ ಎಲ್ಲರೂ ತಡವರಿಸುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಸರ್ಕಾರ ಗ್ರಾಹಕರಿಗಾಗಿ ಸಹಾಯವಾಣಿ, ಪ್ರಾಧಿಕಾರ ಮತ್ತು ಆಯೋಗ ಎಂಬ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಮಾಡಿದೆ. ಈ ಮೂರರ ಕೆಲಸವೂ ಬೇರೆ ಬೇರೆ ಎಂಬುದು ತಿಳಿಯದೆ, ಸಹಾಯವಾಣಿಗೆ ಕರೆ ಮಾಡಿದ ಮಾತ್ರಕ್ಕೆ ಮೊಕದ್ದಮೆ ಹೂಡಿದಂತಾಯಿತು ಎಂದು ನಂಬಿ ಕುಳಿತು, ಕೊನೆಗೆ ಕಾನೂನಿನ ಗಡುವು ಮೀರಿದ ಮೇಲೆ ಎಚ್ಚೆತ್ತುಕೊಳ್ಳುವವರು ಬಹಳ ಮಂದಿ ಇದ್ದಾರೆ. ಅದು ತಪ್ಪಲಿ ಎಂಬುದೇ ಈ ಲೇಖನದ ಉದ್ದೇಶ.

ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದಿತು. ಆ ದಿನವನ್ನೇ ಈಗ ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸಲಾಗುತ್ತದೆ. ಅದರ ಸ್ಥಾನದಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಎಂಬ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಮುಂದೆ ಹೇಳುವುದೆಲ್ಲವೂ ಈ ಹೊಸ ಕಾಯ್ದೆಯನ್ನು ಅನುಸರಿಸಿದೆ. ಹಳೆಯ ಕೈಪಿಡಿಗಳಲ್ಲಿರುವ ಮೊತ್ತದ ಮಿತಿಗಳೂ ಶುಲ್ಕಗಳೂ ಈಗ ಅನ್ವಯಿಸುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಕಾನೂನಿನ ದೃಷ್ಟಿಯಲ್ಲಿ ನೀವು ಗ್ರಾಹಕರೇ?

ಹಣ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ವಸ್ತುವನ್ನು ಕೊಂಡವರು, ಸೇವೆಯನ್ನು ಪಡೆದವರು, ಕೊಂಡವರ ಒಪ್ಪಿಗೆಯಿಂದ ಅದನ್ನು ಬಳಸುವವರು ಗ್ರಾಹಕರು. ಆನ್‌ಲೈನ್ ಖರೀದಿಯನ್ನೂ ಟಿವಿಯಲ್ಲಿ ನೋಡಿ ತರಿಸಿದ್ದನ್ನೂ ನೇರ ಮಾರಾಟವನ್ನೂ ಹೊಸ ಕಾಯ್ದೆ ಹೆಸರಿಟ್ಟೇ ಸೇರಿಸಿಕೊಂಡಿದೆ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿ ಕೊಂಡ ವಸ್ತುವಿಗೆ ಈ ನಿಷೇಧವಿಲ್ಲ. ತಾವೇ ಓಡಿಸುವ ಆಟೋ ಕೊಂಡ ಚಾಲಕರಿಗೂ, ತಾವೇ ಹೊಲಿಯುವ ಯಂತ್ರ ಕೊಂಡ ದರ್ಜಿಗಳಿಗೂ ದೂರು ಕೊಡುವ ಹಕ್ಕು ಪೂರ್ತಿ ಇದೆ. ಎದುರುದಾರರು, ಅಂದರೆ ನೀವು ಯಾರ ಮೇಲೆ ದೂರು ಕೊಡುತ್ತೀರೋ ಅವರು, ಮೊದಲು ಎತ್ತುವ ಆಕ್ಷೇಪ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಇಂಥವರು ದೂರಿನ ಮೊದಲ ಪುಟದಲ್ಲಿಯೇ ‘ಸ್ವಂತ ಜೀವನೋಪಾಯಕ್ಕಾಗಿ ಕೊಂಡದ್ದು’ ಎಂದು ಸ್ಪಷ್ಟವಾಗಿ ಬರೆಯಬೇಕು.

ವೈದ್ಯಕೀಯ ಸೇವೆ ಕಾಯ್ದೆಯ ವ್ಯಾಪ್ತಿಯಲ್ಲಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಆದರೆ ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರ ಹೊರಗೆ ಉಳಿಯುತ್ತದೆ. ವಕೀಲರ ವೃತ್ತಿಪರ ಸೇವೆ ಈ ಕಾಯ್ದೆಯಡಿ ಬರುವುದಿಲ್ಲ ಎಂಬುದು 2024ರ ತೀರ್ಪು. ಅಪರಿಚಿತರು ಓಟಿಪಿ ಕೇಳಿ ಖಾತೆಯಿಂದ ಹಣ ದೋಚಿದ್ದರೆ ಅದು ಸೈಬರ್ ಅಪರಾಧ. ಅಂಥ ಸಂದರ್ಭದಲ್ಲಿ ಒಂದು ನಿಮಿಷವನ್ನೂ ಕಳೆಯದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ಹಂತ 1: ದಾಖಲೆ ಕೂಡಿಸಿ

ದೂರಿನ ಬಲವೆಲ್ಲ ಕಾಗದದಲ್ಲಿದೆ. ಗ್ರಾಹಕ ಆಯೋಗದಲ್ಲಿ ಬಹುತೇಕ ಪ್ರಕರಣಗಳು ಪ್ರಮಾಣಪತ್ರ, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಲಿಖಿತ ಹೇಳಿಕೆ ಮತ್ತು ದಾಖಲೆಗಳ ಆಧಾರದ ಮೇಲೆಯೇ ತೀರ್ಮಾನವಾಗುತ್ತವೆ. ಸಾಕ್ಷಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದು ಇಲ್ಲಿ ಅಪರೂಪ. ಹೀಗಾಗಿ ನಿಮ್ಮ ಬಾಯಿಮಾತಿಗಿಂತ ಒಂದು ಸಾಲಿನ ಇಮೇಲ್ ಹೆಚ್ಚು ಕೆಲಸ ಮಾಡುತ್ತದೆ.

ಬಿಲ್ಲು, ವಾರಂಟಿ ಚೀಟಿ, ಹಣ ಪಾವತಿಯ ದಾಖಲೆ, ಜಾಹೀರಾತಿನ ಪ್ರತಿ, ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್ ಶೀಟ್ ಇವೆಲ್ಲವನ್ನೂ ಒಂದೆಡೆ ಇಡಿ. ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುವುದರಿಂದ, ಕೊಂಡ ದಿನವೇ ಅದರ ಫೋಟೋ ಅಥವಾ ಜೆರಾಕ್ಸ್ ತೆಗೆದಿಡಿ. ಬಿಲ್ಲು ಕೊಡದಿರುವುದನ್ನೇ ಹೊಸ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಗ್ರಾಹಕರನ್ನು ವಂಚಿಸುವ ಅಥವಾ ದಾರಿತಪ್ಪಿಸುವ ವ್ಯಾಪಾರದ ನಡೆಗಳಿಗೆ ಕಾನೂನು ಇಟ್ಟಿರುವ ಹೆಸರು ಅದು. ‘ಬಿಲ್ಲು ಬೇಕಾದರೆ ಜಿಎಸ್‌ಟಿ ಸೇರಿಸಿ ಕೊಡಿ’ ಎಂಬ ಮಾತಿಗೆ ಮಣಿದು ಬಿಲ್ಲಿಲ್ಲದೆ ಕೊಂಡರೆ ಉಳಿಯುವುದು ಸ್ವಲ್ಪ ಹಣ, ಕೈತಪ್ಪುವುದು ದೂರಿನ ಆಧಾರ. ಯುಪಿಐ ಪಾವತಿಯ ದಾಖಲೆಯಿಂದ ಖರೀದಿಯನ್ನು ತೋರಿಸಲು ಸಾಧ್ಯವಿದ್ದರೂ, ಏನನ್ನು ಕೊಂಡಿರಿ ಎಂಬುದು ಅದರಲ್ಲಿ ಇರುವುದಿಲ್ಲ.

ಮೊಬೈಲಿನ ಸ್ಕ್ರೀನ್‌ಶಾಟ್‌ಗಳಲ್ಲಿ ದಿನಾಂಕ, ಸಮಯ, ಕಳಿಸಿದವರ ಹೆಸರು ಕಾಣುವಂತಿರಲಿ. ಮೂಲ ಸಂದೇಶವನ್ನು ಅಳಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಗಳ ಮುದ್ರಿತ ಪ್ರತಿಯನ್ನು ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಒಂದು ದೃಢೀಕರಣ ಪತ್ರವನ್ನು ಜೊತೆಗಿಡುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಕೆಟ್ಟ ವಸ್ತುವನ್ನು ಬೇಸತ್ತು ಹೊರಗಿನ ಮೆಕ್ಯಾನಿಕ್ ಕೈಗೆ ಕೊಟ್ಟು ಬಿಚ್ಚಿಸಬೇಡಿ. ದೋಷ ತಯಾರಿಕೆಯದೋ ಬಳಕೆಯದೋ ಎಂಬ ವಿವಾದ ಬಂದಾಗ ಆಯೋಗವು ವಸ್ತುವನ್ನು ಮುದ್ರೆಹಾಕಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅಷ್ಟರಲ್ಲಿ ಬೇರೆಯವರ ಕೈ ಬಿದ್ದಿದ್ದರೆ ನಿಮ್ಮ ವಾದ ಅಲ್ಲಿಗೇ ಸೊರಗುತ್ತದೆ.

ಹಂತ 2: ಮಾರಿದವರಿಗೆ ಬರಹದಲ್ಲಿ ತಿಳಿಸಿ

ಫೋನಿನಲ್ಲಿ ಎಷ್ಟು ಸಲ ಮಾತನಾಡಿದ್ದರೂ ಒಮ್ಮೆ ಬರಹದಲ್ಲಿ ದೂರು ಹೋಗಲೇಬೇಕು. ಯಾವ ದಿನ ಏನು ಕೊಂಡಿರಿ, ದೋಷವೇನು, ನಿಮಗೆ ಬೇಕಾದದ್ದೇನು ಎಂಬ ಮೂರನ್ನೂ ಬರೆದು, ಹದಿನೈದು ದಿನಗಳ ಗಡುವು ಕೊಡಿ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂಬಂಥ ಸಾಲು ಏನನ್ನೂ ಹೇಳುವುದಿಲ್ಲ. ಬದಲಿ ವಸ್ತು ಬೇಕೋ, ಹಣ ವಾಪಸು ಬೇಕೋ, ದುರಸ್ತಿ ಸಾಕೋ ಎಂಬುದನ್ನು ನಿರ್ದಿಷ್ಟವಾಗಿ ಕೇಳಿ. ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಕೂಡ ಅನುಚಿತ ವ್ಯಾಪಾರ ಪದ್ಧತಿಯೇ. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಗೋಡೆಗೆ ಬರೆದಿರುವ ಅಂಗಡಿಗಳಿಗೂ ಈ ಕಾನೂನಿನಿಂದ ವಿನಾಯಿತಿ ಇಲ್ಲ.

ಆನ್‌ಲೈನ್ ಮಾರಾಟ ತಾಣಗಳಿಗೆ 2020ರ ಇ-ಕಾಮರ್ಸ್ ನಿಯಮಗಳು ಇನ್ನಷ್ಟು ಹೊಣೆ ಹೊರಿಸಿವೆ. ತಾಣವು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಿರಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರಿನ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪಿನ ಚಾಟ್ ಕಿಟಕಿಯಲ್ಲಿ ಯಂತ್ರದೊಡನೆ ವಾದಿಸುವುದನ್ನು ಬಿಟ್ಟು ನೇರವಾಗಿ ಈ ಅಧಿಕಾರಿಗೆ ಬರೆಯಿರಿ. ‘ನಾವು ಕೇವಲ ವೇದಿಕೆ, ಮಾರಿದವರು ಬೇರೆ’ ಎಂಬ ಉತ್ತರ ಬರುವ ಸಂಭವ ಇರುವುದರಿಂದ, ಬಿಲ್ಲಿನಲ್ಲಿರುವ ಮಾರಾಟಗಾರರ ಹೆಸರು, ವಿಳಾಸವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಮುಂದೆ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬೇಕಾಗುತ್ತದೆ.

ಹಂತ 3: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನಡೆಸುವ ಈ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕರೆ ಉಚಿತ. 88000 01915 ಸಂಖ್ಯೆಗೆ ವಾಟ್ಸ್ಆ್ಯಪ್ ಮಾಡಬಹುದು. ಸಹಾಯವಾಣಿಯ ಜಾಲತಾಣ, ಅದರದೇ ಆ್ಯಪ್ ಹಾಗೂ ಉಮಂಗ್ ಆ್ಯಪಿನ ಮೂಲಕವೂ ದೂರು ದಾಖಲಿಸಬಹುದು. ದಾಖಲಾದ ಕೂಡಲೇ ಒಂದು ಡಾಕೆಟ್ ಸಂಖ್ಯೆ, ಅಂದರೆ ನಿಮ್ಮ ದೂರಿನ ಗುರುತಿನ ಸಂಖ್ಯೆ ಸಿಗುತ್ತದೆ. ಸಹಾಯವಾಣಿಯವರು ದೂರನ್ನು ಸಂಬಂಧಪಟ್ಟ ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ದೊಡ್ಡ ಕಂಪನಿಗಳು ಅನೇಕವು ಈ ವ್ಯವಸ್ಥೆಯ ಪಾಲುದಾರರಾಗಿರುವುದರಿಂದ, ಹಣ ಮರುಪಾವತಿಯಂಥ ಸರಳ ತಕರಾರುಗಳು ಇಲ್ಲಿಯೇ ಬಗೆಹರಿಯುವುದುಂಟು. ನನ್ನ ಅಭಿಪ್ರಾಯದಲ್ಲಿ ಯಾರೂ ಈ ಹಂತವನ್ನು ಬಿಟ್ಟು ಮುಂದೆ ಹೋಗಬಾರದು. ಫಲ ಸಿಗದಿದ್ದರೂ, ನೀವು ಶಾಂತವಾಗಿ ಎಲ್ಲ ಪ್ರಯತ್ನ ಮಾಡಿದಿರಿ ಎಂಬುದಕ್ಕೆ ಆ ಡಾಕೆಟ್ ಸಂಖ್ಯೆ ಸಾಕ್ಷಿಯಾಗುತ್ತದೆ.

ಆದರೆ ಸಹಾಯವಾಣಿ ನ್ಯಾಯಾಲಯವಲ್ಲ. ಅದು ಕಂಪನಿಗೆ ಆದೇಶ ಕೊಡಲಾರದು, ದಂಡ ವಿಧಿಸಲಾರದು. ಕಂಪನಿ ಒಪ್ಪದಿದ್ದರೆ ಡಾಕೆಟ್ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿದಾಗ ಮತ್ತೊಂದು ಡಾಕೆಟ್, ಅದೂ ಮುಗಿದಾಗ ಇನ್ನೊಂದು ಎಂದು ತಿಂಗಳುಗಟ್ಟಲೆ ಕಳೆಯಬೇಡಿ.

ಗ್ರಾಹಕ ಸೇವೆಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡುವುದು ಅಪಾಯಕರ. ವಂಚಕರು ಹರಿಬಿಟ್ಟ ನಕಲಿ ಸಂಖ್ಯೆಗಳು ಅಲ್ಲಿ ಇರುತ್ತವೆ. ಕಂಪನಿಯ ಸಂಖ್ಯೆಯನ್ನು ಬಿಲ್ಲು, ಪೊಟ್ಟಣ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದ ಮಾತ್ರ ತೆಗೆದುಕೊಳ್ಳಿ. ದೂರು ದಾಖಲಿಸಿಕೊಳ್ಳಲು ಹಣ ಕೇಳಿದರೆ, ಬ್ಯಾಂಕಿನ ಓಟಿಪಿ ಅಥವಾ ಯುಪಿಐ ಪಿನ್ ಕೇಳಿದರೆ, ಮೊಬೈಲಿನಲ್ಲಿ ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳಿದರೆ, ಕರೆಯನ್ನು ಅಲ್ಲಿಯೇ ಕಡಿಯಿರಿ.

ಹಂತ 4: ನಿಮ್ಮ ದೂರು ಯಾವ ಇಲಾಖೆಗೆ ಸೇರಿದ್ದು ಎಂದು ನೋಡಿ

ಕೆಲವು ತಕರಾರುಗಳಿಗೆ ಆಯೋಗಕ್ಕಿಂತ ಹತ್ತಿರದ ದಾರಿಗಳಿವೆ. ತೂಕದಲ್ಲಿ ಮೋಸ, ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚಿನ ವಸೂಲಿ, ನಿವ್ವಳ ತೂಕ ನಮೂದಿಸದ ಪೊಟ್ಟಣ ಇವುಗಳಿಗೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಹೋಟೆಲಿನಲ್ಲಿ ಕುಳಿತು ತರಿಸಿಕೊಂಡ ನೀರಿನ ಬಾಟಲಿಗೆ ಹೆಚ್ಚು ಬೆಲೆ ಹಾಕಿದರು ಎಂಬ ದೂರನ್ನು ಓದುಗರು ಆಗಾಗ ಬರೆಯುತ್ತಾರೆ. ಅಂಗಡಿಗೆ ಅನ್ವಯಿಸುವ ನಿಯಮ ಹೋಟೆಲಿನಲ್ಲಿ ಸೇವೆಯ ಜೊತೆಗೆ ಕೊಡುವ ಬಾಟಲಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ, ಈ ದೂರು ನಿಲ್ಲುವುದು ಕಷ್ಟ. ಹೋಟೆಲಿನವರು ಬಿಲ್ಲಿಗೆ ತಾವಾಗಿಯೇ ಸೇರಿಸುವ ಸೇವಾ ಶುಲ್ಕದ ಮಾತು ಬೇರೆ. ಅದನ್ನು ಕಡ್ಡಾಯವಾಗಿ ವಸೂಲು ಮಾಡುವಂತಿಲ್ಲ ಎಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆದುಹಾಕಲು ಕೇಳಿ, ಒಪ್ಪದಿದ್ದರೆ 1915ಕ್ಕೆ ದೂರು ಕೊಡಿ.

ಆಹಾರದ ಕಲಬೆರಕೆಗೆ ಆಹಾರ ಸುರಕ್ಷತಾ ಅಧಿಕಾರಿಗಳಿದ್ದಾರೆ. ಚಿನ್ನದ ಒಡವೆಯ ಮೇಲೆ ಕೊರೆದಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರಿಶೀಲಿಸಬಹುದು, ಅಲ್ಲಿಯೇ ದೂರನ್ನೂ ಕೊಡಬಹುದು. ಬ್ಯಾಂಕಿನ ವಿರುದ್ಧ ಮೊದಲು ಬ್ಯಾಂಕಿಗೇ ದೂರು ಕೊಟ್ಟು, 30 ದಿನ ಕಾದು, ನಂತರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಬರೆಯಬೇಕು. ಒಂಬುಡ್ಸ್‌ಮನ್ ಎಂದರೆ ಶುಲ್ಕವಿಲ್ಲದೆ ದೂರು ವಿಚಾರಿಸಲು ನೇಮಕವಾದ ಅಧಿಕಾರಿ. ವಿಮೆಗೂ ಇಂಥದೇ ವ್ಯವಸ್ಥೆಯಿದ್ದು ಬೆಂಗಳೂರಿನಲ್ಲಿ ಕಚೇರಿಯಿದೆ. ಒಂದೇ ವಿಷಯವನ್ನು ಆಯೋಗದ ಮುಂದೆಯೂ ಒಂಬುಡ್ಸ್‌ಮನ್ ಮುಂದೆಯೂ ಒಟ್ಟಿಗೆ ನಡೆಸಲಾಗದು. ಆಯೋಗದಲ್ಲಿ ಪ್ರಕರಣ ಹೂಡಿದರೆ ಒಂಬುಡ್ಸ್‌ಮನ್ ನಿಮ್ಮ ದೂರನ್ನು ಕೈಬಿಡುತ್ತಾರೆ. ವಿದ್ಯುತ್ ಬಿಲ್ಲಿನ ತಕರಾರಿಗೆ ಆಯಾ ಸರಬರಾಜು ಕಂಪನಿಯ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅಪಾರ್ಟ್‌ಮೆಂಟ್ ವಿಳಂಬಕ್ಕೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಇವೆ. ರೇರಾ ಇದೆಯೆಂಬ ಕಾರಣಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದೂ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ.

2020ರ ಜುಲೈನಲ್ಲಿ ಆರಂಭವಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಒಬ್ಬರಿಗಲ್ಲದೆ ಬಹಳ ಜನರಿಗೆ ಒಟ್ಟಾಗಿ ಆಗುವ ಅನ್ಯಾಯವನ್ನು ತಡೆಯುವುದು ಅದರ ಕೆಲಸ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ, ಅಪಾಯಕಾರಿ ವಸ್ತುಗಳನ್ನು ಮಾರುಕಟ್ಟೆಯಿಂದ ವಾಪಸು ತರಿಸುವ ಅಧಿಕಾರ ಅದಕ್ಕಿದೆ. ಆ್ಯಪ್‌ಗಳಲ್ಲಿ ಗ್ರಾಹಕರಿಗೆ ಅರಿವಾಗದಂತೆ ಬಲೆ ಹೆಣೆಯುವ ವಿನ್ಯಾಸಗಳನ್ನು ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ನೀವು ಆರಿಸದ ವಸ್ತು ಬುಟ್ಟಿಗೆ ಸೇರಿರುವುದು, ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಚಂದಾ ರದ್ದುಮಾಡುವ ಗುಂಡಿ ಸಿಗದಂತಿರುವುದು ಇವೆಲ್ಲ ಅದಕ್ಕೆ ಸೇರಿವೆ. 2023ರ ನವೆಂಬರ್ 30ರ ಮಾರ್ಗಸೂಚಿ ಇಂಥ 13 ಬಗೆಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಕಂಡರೆ ಪ್ರಾಧಿಕಾರಕ್ಕೆ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಿ. ಆದರೆ ನಿಮಗಾದ ನಷ್ಟದ ಪರಿಹಾರಕ್ಕಾಗಿ ಆಯೋಗಕ್ಕೇ ಹೋಗಬೇಕು.

ಹಂತ 5: ಎರಡು ವರ್ಷದ ಗಡುವು, ಆಯೋಗದ ವ್ಯಾಪ್ತಿ ಮತ್ತು ಶುಲ್ಕ

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಆಯೋಗದಲ್ಲಿ ದೂರು ದಾಖಲಾಗಬೇಕು. ವ್ಯಾಜ್ಯಕಾರಣವೆಂದರೆ ದೂರು ಕೊಡುವ ಹಕ್ಕು ನಿಮಗೆ ಬಂದ ಘಟನೆ. ವಿಮೆಯ ವಿಷಯದಲ್ಲಿ ಸಾಮಾನ್ಯವಾಗಿ ಕ್ಲೇಮ್ ತಿರಸ್ಕರಿಸಿದ ಪತ್ರದ ದಿನ, ವಸ್ತುವಿನ ವಿಷಯದಲ್ಲಿ ದೋಷ ಹೊರಬಿದ್ದ ದಿನ. ಒಪ್ಪಿದ ಮನೆಯನ್ನು ಸ್ವಾಧೀನಕ್ಕೆ ಕೊಡದಿರುವಂಥದ್ದು ದಿನದಿನವೂ ಮುಂದುವರಿಯುವ ತಪ್ಪಾದ್ದರಿಂದ ಅಲ್ಲಿ ಲೆಕ್ಕ ಬೇರೆ.

ನೀವು ಕಂಪನಿಗೆ ಪತ್ರ ಬರೆಯುತ್ತಿದ್ದಿರಿ, ಸಹಾಯವಾಣಿಯಲ್ಲಿ ದೂರು ನಡೆಯುತ್ತಿತ್ತು, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತಿತ್ತು ಎಂಬ ಕಾರಣಕ್ಕೆ ಗಡುವು ನಿಲ್ಲುವುದಿಲ್ಲ. ಕೆಲವು ಕಂಪನಿಗಳ ಸವಿನುಡಿಯ ಉತ್ತರಗಳು ಗ್ರಾಹಕರ ಎರಡು ವರ್ಷಗಳನ್ನು ಹಾಗೆಯೇ ನುಂಗಿಬಿಡುತ್ತವೆ. ವಿಳಂಬಕ್ಕೆ ಸಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಮನ್ನಿಸಲೇಬೇಕೆಂದಿಲ್ಲ. ಆದ್ದರಿಂದ ದೋಷ ಕಂಡ ದಿನವೇ ಕ್ಯಾಲೆಂಡರಿನಲ್ಲಿ ಗಡುವಿನ ದಿನವನ್ನು ಗುರುತುಮಾಡಿ, ಅದಕ್ಕೆ ಆರು ತಿಂಗಳು ಮೊದಲೇ ಮಾತುಕತೆ ನಿಲ್ಲಿಸಿ ದೂರಿನ ಕೆಲಸ ಆರಂಭಿಸಿ.

ಆಯೋಗಗಳು ಮೂರು ಮಟ್ಟದಲ್ಲಿವೆ. 2021ರ ಡಿಸೆಂಬರ್ 30ರ ನಿಯಮದಂತೆ 50 ಲಕ್ಷ ರೂಪಾಯಿವರೆಗಿನ ಪ್ರಕರಣ ಜಿಲ್ಲಾ ಆಯೋಗಕ್ಕೆ, ಅದಕ್ಕಿಂತ ಮೇಲ್ಪಟ್ಟು 2 ಕೋಟಿವರೆಗಿನದು ರಾಜ್ಯ ಆಯೋಗಕ್ಕೆ, ಅದನ್ನೂ ಮೀರಿದ್ದು ರಾಷ್ಟ್ರೀಯ ಆಯೋಗಕ್ಕೆ ಹೋಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಪಾವತಿಸಿದ ಬೆಲೆ. ಕೇಳುವ ಪರಿಹಾರದ ಮೊತ್ತವಲ್ಲ. ಒಂದು ಕೋಟಿ ರೂಪಾಯಿಯ ಅವಧಿ ವಿಮೆಗೆ ಮೂವತ್ತು ಸಾವಿರ ಕಂತು ಕಟ್ಟಿದ್ದರೆ, ಕ್ಲೇಮ್ ಕೋಟಿಯದಾದರೂ ದೂರು ಜಿಲ್ಲಾ ಆಯೋಗಕ್ಕೇ ಹೋಗುತ್ತದೆ. ಈ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ.

ಶುಲ್ಕಕ್ಕೂ ಇದೇ ಅಳತೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಕೋರ್ಟಿನ ಖರ್ಚು ಯಾರಿಗೆ ಬೇಕು ಎಂದು ಹಿಂಜರಿಯುವವರು ಈ ಅಂಕಿಗಳನ್ನು ಮತ್ತೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಅಲೆಯಬೇಕಾಗುತ್ತಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಗುರುಗ್ರಾಮದ ಕಂಪನಿಯ ಮೇಲೆ ಕೊಪ್ಪಳದಲ್ಲಿಯೇ ಪ್ರಕರಣ ಹೂಡಬಹುದೆಂಬುದು ನನ್ನ ದೃಷ್ಟಿಯಲ್ಲಿ ಹೊಸ ಕಾಯ್ದೆಯ ಅತಿ ದೊಡ್ಡ ಕೊಡುಗೆ. ಇದಕ್ಕಾಗಿ ವಾಸದ ಪುರಾವೆಯನ್ನು ದೂರಿನೊಂದಿಗೆ ಲಗತ್ತಿಸಿ.

ಹಂತ 6: ದೂರು ಬರೆಯಿರಿ

ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ನೀವೇ ವಾದಿಸಬಹುದು, ಅಥವಾ ಅಧಿಕಾರ ಪತ್ರ ಕೊಟ್ಟು ಬೇರೊಬ್ಬರನ್ನು ಕಳಿಸಬಹುದು. ವಿದೇಶದಲ್ಲಿದ್ದು ಇಲ್ಲಿನ ವ್ಯವಹಾರದ ಬಗ್ಗೆ ದೂರು ಕೊಡಬೇಕಾದವರಿಗೆ ಈ ಎರಡನೆಯ ದಾರಿ ಅನುಕೂಲ. ವೈದ್ಯಕೀಯ ನಿರ್ಲಕ್ಷ್ಯ, ದೊಡ್ಡ ಮೊತ್ತದ ವಿಮೆ, ಕಟ್ಟಡ ವಿವಾದಗಳಂಥ ಜಟಿಲ ಪ್ರಕರಣಗಳಲ್ಲಿ ಮಾತ್ರ ವಕೀಲರ ನೆರವು ಪಡೆಯುವುದೇ ಮೇಲು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಮಿತಿಯೊಳಗಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಅದರ ಸಹಾಯವಾಣಿ 15100.

ಜಿಲ್ಲಾ ಆಯೋಗಕ್ಕೆ ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಮೊದಲು ಎರಡೂ ಕಡೆಯವರ ಪೂರ್ಣ ಹೆಸರು, ವಿಳಾಸ. ಕಂಪನಿಯಾದರೆ ಅದರ ನೋಂದಾಯಿತ ಕಚೇರಿಯ ವಿಳಾಸ. ಬ್ರಾಂಡಿನ ಹೆಸರನ್ನೇ ಕಂಪನಿಯ ಹೆಸರೆಂದು ಬರೆದರೆ ನೋಟಿಸ್ ಜಾರಿಯಾಗದೆ ವಾಪಸು ಬಂದು ತಿಂಗಳುಗಳು ವ್ಯರ್ಥವಾಗುತ್ತವೆ. ನಂತರ ಘಟನೆಗಳನ್ನು ದಿನಾಂಕದ ಕ್ರಮದಲ್ಲಿ, ಸಂಖ್ಯೆ ಹಾಕಿದ ಚಿಕ್ಕ ಪ್ಯಾರಾಗಳಲ್ಲಿ ಬರೆದು, ಪ್ರತಿಯೊಂದಕ್ಕೂ ಆಧಾರವಾದ ದಾಖಲೆಯ ಸಂಖ್ಯೆಯನ್ನು ಅಲ್ಲಿಯೇ ಸೂಚಿಸಿ. ವ್ಯಾಜ್ಯಕಾರಣ ಎಂದು ಹುಟ್ಟಿತು, ದೂರು ಗಡುವಿನೊಳಗೆ ಹೇಗಿದೆ, ಈ ಆಯೋಗಕ್ಕೆ ವ್ಯಾಪ್ತಿ ಹೇಗೆ ಬರುತ್ತದೆ ಎಂಬುದಕ್ಕೆ ಒಂದೊಂದು ಪ್ಯಾರಾ ಸಾಕು. ಕೊನೆಗೆ ಕೋರಿಕೆ, ಸಹಿ, ಪ್ರಮಾಣಪತ್ರ ಮತ್ತು ದಾಖಲೆಗಳ ಪಟ್ಟಿ.

ಕೋರಿಕೆಯನ್ನು ಬಿಡಿಬಿಡಿಯಾಗಿ ಕೇಳಿ: ವಸ್ತುವಿನ ಬೆಲೆ, ಅದರ ಮೇಲೆ ಬಡ್ಡಿ, ಆದ ನಷ್ಟ ಮತ್ತು ಮಾನಸಿಕ ಯಾತನೆಗೆ ಪರಿಹಾರ, ಪ್ರಕರಣದ ವೆಚ್ಚ. ಕೇಳದೆ ಬಿಟ್ಟದ್ದು ಸಿಗುವ ಭರವಸೆಯಿಲ್ಲ. ಹಾಗೆಂದು ಹದಿನೈದು ಸಾವಿರದ ಮೊಬೈಲಿಗೆ ಹತ್ತು ಲಕ್ಷ ಪರಿಹಾರ ಕೇಳುವುದರಿಂದ ದೂರಿನ ಗಂಭೀರತೆಯೇ ಕುಂದುತ್ತದೆ. ನಷ್ಟಕ್ಕೆ ರಸೀದಿಗಳಿದ್ದರೆ ಅವು ಸಾವಿರ ವಿಶೇಷಣಗಳಿಗೆ ಸಮ. ಬೈಗುಳ, ಕಂಪನಿಯ ಇತಿಹಾಸ, ದೇಶದ ಸ್ಥಿತಿ ಇವು ಯಾವುವೂ ದೂರಿನಲ್ಲಿ ಬೇಡ.

ಹಂತ 7: ದಾಖಲಿಸಿ

2020ರ ಸೆಪ್ಟೆಂಬರ್‌ನಲ್ಲಿ ಇ-ದಾಖಿಲ್ ಎಂಬ ತಾಣದಿಂದ ಆರಂಭವಾದ ಆನ್‌ಲೈನ್ ವ್ಯವಸ್ಥೆ, 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಹೊಸ ತಾಣವಾಗಿ ಬೆಳೆದಿದೆ. ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದು, ದೂರನ್ನೂ ದಾಖಲೆಗಳನ್ನೂ ಪಿಡಿಎಫ್ ರೂಪದಲ್ಲಿ ಸೇರಿಸಿ, ಶುಲ್ಕವಿದ್ದರೆ ಅಲ್ಲಿಯೇ ಪಾವತಿಸಬೇಕು. ಆನ್‌ಲೈನ್ ಒಗ್ಗದವರು ಆಯೋಗದ ಕಚೇರಿಗೆ ಹೋಗಿಯೂ ದೂರು ಸಲ್ಲಿಸಬಹುದು.

ಸಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ಕಚೇರಿಯವರು ಪರಿಶೀಲಿಸಿ ಪುಟಸಂಖ್ಯೆ ಇಲ್ಲ, ಸಹಿ ಬಿಟ್ಟಿದೆ, ಪ್ರತಿ ಅಸ್ಪಷ್ಟ ಎಂಬಂಥ ಆಕ್ಷೇಪಗಳನ್ನು ಹಾಕುತ್ತಾರೆ. ಇವುಗಳನ್ನು ಸರಿಪಡಿಸುವವರೆಗೆ ದೂರು ಮುಂದೆ ಹೋಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆಯಾದರೂ ಖಾತೆ ತೆರೆದು ನೋಡಿ. ಕಾಗದದ ಪ್ರತಿಗಳನ್ನು ಕೇಳಿದರೆ ಆಯೋಗಕ್ಕೆ ಬೇಕಾದಷ್ಟು ಮತ್ತು ಪ್ರತಿ ಎದುರುದಾರರಿಗೂ ಒಂದೊಂದು ಸೆಟ್ ಕೊಡಿ, ನಿಮಗೊಂದು ಉಳಿಸಿಕೊಳ್ಳಿ.

ಹಂತ 8: ವಿಚಾರಣೆ

ದೂರನ್ನು ಅಂಗೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನಗಳಲ್ಲಿ ನಿರ್ಧರಿಸಬೇಕು. ಅಂಗೀಕಾರವಾದರೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ಅವರು 30 ದಿನಗಳಲ್ಲಿ ಉತ್ತರ ಸಲ್ಲಿಸಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ. ಈ 45 ದಿನಗಳನ್ನು ಮೀರಿ ಸಮಯ ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನೋಟಿಸ್ ತಲುಪಿದ ದಿನಾಂಕವನ್ನು ನೀವೂ ಬರೆದಿಟ್ಟುಕೊಂಡು, ಗಡುವು ಮೀರಿ ಉತ್ತರ ಬಂದರೆ ಆಯೋಗದ ಗಮನಕ್ಕೆ ತನ್ನಿ.

ರಾಜಿಯ ಸಾಧ್ಯತೆ ಕಂಡರೆ ಆಯೋಗ ಇಬ್ಬರ ಒಪ್ಪಿಗೆ ಪಡೆದು ಮಧ್ಯಸ್ಥಿಕೆಗೆ ಕಳಿಸುತ್ತದೆ. ನ್ಯಾಯವಾದ ಮೊತ್ತ ಬೇಗ ಸಿಗುವುದಾದರೆ ಒಪ್ಪಿಕೊಳ್ಳುವುದರಲ್ಲಿ ಸೋಲೇನೂ ಇಲ್ಲ. ಆದರೆ ಷರತ್ತುಗಳು, ಪಾವತಿಯ ದಿನಾಂಕ ಎರಡೂ ಬರಹದಲ್ಲಿರಬೇಕು. ಹೊರಗೆ ಮಾತಾಡಿ ‘ಕೇಸು ವಾಪಸು ತೆಗೆದುಕೊಳ್ಳಿ, ಆಮೇಲೆ ಹಣ ಹಾಕುತ್ತೇವೆ’ ಎಂದರೆ, ಹಣ ಖಾತೆಗೆ ಬರುವವರೆಗೆ ವಾಪಸು ತೆಗೆದುಕೊಳ್ಳಬೇಡಿ.

ನೋಟಿಸ್ ತಲುಪಿದ ಮೇಲೆ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಇದು ಸರ್ಕಾರ ತುರ್ತಾಗಿ ಗಮನಿಸಬೇಕಾದ ಕೊರತೆ. ಪ್ರತಿ ವಿಚಾರಣೆಗೂ ಊರಿಂದ ಬರಲಾಗದವರು ವಿಡಿಯೋ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಏನೂ ತಿಳಿಸದೆ ಗೈರುಹಾಜರಾದರೆ ದೂರು ವಜಾ ಆಗಬಹುದು.

ಹಂತ 9: ಆದೇಶ ಬಂದ ಮೇಲೆ

ಆದೇಶದ ಪ್ರಮಾಣೀಕೃತ ಪ್ರತಿ ಪಡೆದು ಮೊದಲು ಅಂಕಿಗಳನ್ನೂ ಹೆಸರುಗಳನ್ನೂ ಪರಿಶೀಲಿಸಿ; ಕಣ್ಣಿಗೆ ಕಾಣುವ ತಪ್ಪಿದ್ದರೆ ಸರಿಪಡಿಸಲು 30 ದಿನಗಳೊಳಗೆ ಅದೇ ಆಯೋಗಕ್ಕೆ ಅರ್ಜಿ ಕೊಡಬಹುದು. ಆದೇಶ ಒಪ್ಪಿಗೆಯಾಗದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಕೊಡಬೇಕೆಂದು ಆದೇಶವಾಗಿರುವ ಕಂಪನಿ ಮೇಲ್ಮನವಿ ಹೋಗುವುದಾದರೆ ಆ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು.

ಆದೇಶದಲ್ಲಿ ಹೇಳಿದ ಅವಧಿ ಮುಗಿದರೂ ಹಣ ಬಾರದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಆದೇಶವನ್ನು ಜಾರಿಗೊಳಿಸಿಕೊಡಿ ಎಂದು ಕೇಳುವ ಅರ್ಜಿ ಇದು. ಗೆದ್ದ ಮೇಲೆ ಹಣ ತಾನಾಗಿ ಬರುತ್ತದೆಂದು ಕಾದವರಲ್ಲಿ ಅನೇಕರು ಕಾಯುತ್ತಲೇ ಇದ್ದಾರೆ. ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ, ಅಂದರೆ ಅಲ್ಲಿನ ತೀರ್ಪಿನ ಆದೇಶದಂತೆಯೇ, ಈ ಆದೇಶವನ್ನೂ ಜಾರಿಮಾಡಬಹುದು. ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.

ಅಮಲ್ಜಾರಿ ಅರ್ಜಿ ಬಿದ್ದ ಮೇಲೆ ಕಂಪನಿಯವರು ಚೆಕ್ ಹಿಡಿದು ಬಂದು, ‘ಪೂರ್ಣ ತೃಪ್ತಿಯಾಗಿದೆ’ ಎಂಬ ಮೆಮೊಗೆ ಸಹಿ ಕೇಳುತ್ತಾರೆ. ಸಹಿ ಹಾಕುವ ಮೊದಲು, ಆದೇಶದಲ್ಲಿ ಹೇಳಿದ ದಿನದಿಂದ ಪಾವತಿಯ ದಿನದವರೆಗಿನ ಬಡ್ಡಿ, ಪರಿಹಾರ, ವೆಚ್ಚ ಮೂರೂ ಸೇರಿವೆಯೇ ಎಂದು ನೀವೇ ಕೂಡಿ ನೋಡಿ. ಕಡಿಮೆಯಿದ್ದರೆ ಚೆಕ್ಕನ್ನು ‘ಭಾಗಶಃ ಪಾವತಿ’ ಎಂದು ಬರೆದು ಸ್ವೀಕರಿಸಿ, ಬಾಕಿ ಮೊತ್ತವನ್ನು ಆಯೋಗದ ಮುಂದೆ ಲೆಕ್ಕ ಸಮೇತ ಇಡಿ. ಚೆಕ್ ನಗದಾಗುವವರೆಗೆ ಅರ್ಜಿಯನ್ನು ಮುಕ್ತಾಯಗೊಳಿಸಲು ಒಪ್ಪಬೇಡಿ.